ಹನ್ನೊಂದು ರುಜುಗಳು

"ಹಿಂದೆ ಸ್ವಲ್ಪ ಎತ್ತಿ ಹಿಡಿ ಮಾರಾಯ, ಹಮೀದಾಕ ಜಾರ್ತಾರೆ," ಎಂದ ಮೂಸಕುಂಞಿ, ತಿರುಗಿ ನೋಡದೆ.

ಮಹಾಲಿಂಗ ಹಮೀದಾಕನ ಹೆಣ ಹೊತ್ತ ಮಯ್ಯತ್ತಿನ ಮಂಚದ ಕೋಲನ್ನು ಹೆಗಲಿನಿಂದ ಎತ್ತಿ ಅಂಗೈ ಮೇಲೆ ಹಿಡಿದ. ಮುಂದೆ ಹೆಗಲು ಕೊಟ್ಟಿದ್ದ ಮೂಸಕುಂಞಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್, ಆರಡಿಯ ಆಳು. ಅವನ ಹಿಂದೆ ಯಾರು ನಿಂತರೂ ಇದೇ ಪಾಡು. ಪುತ್ತೂರಿನ ಬಸ್ ಸ್ಟ್ಯಾಂಡು ದಾಟಿ ಮಸೀದಿಗೆ ಹೋಗುವ ರಸ್ತೆ ಮೇ ತಿಂಗಳ ಬಿಸಿಲಿಗೆ ಕಾವಲಿಯ ಹಾಗೆ ಕಾದಿತ್ತು. ಮಹಾಲಿಂಗನಿಗೆ ಬಿಸಿಲೂ ತಾಗುತ್ತಿರಲಿಲ್ಲ, ಭಾರವೂ ತಿಳಿಯುತ್ತಿರಲಿಲ್ಲ. ಅವನ ಕಣ್ಣೆಲ್ಲ ಪಕ್ಕದಲ್ಲಿ ನಡೆಯುತ್ತಿದ್ದ ಅಬ್ದುಲ್ಲನ ಕಂಕುಳಿನಲ್ಲಿತ್ತು.

ಅಬ್ದುಲ್ಲ ತೀರಿಹೋದವರ ತಮ್ಮ. ಅವನ ಕಂಕುಳಲ್ಲಿ ಉದ್ದನೆಯ ಕಂದು ಲಕೋಟೆ ಇತ್ತು. ಮನೆಯಿಂದ ಹೊರಡುವಾಗ ಅತ್ತಿಗೆ ರುಖಿಯಮ್ಮ ಬಾಗಿಲ ಮರೆಯಿಂದಲೇ ಅದನ್ನು ಕೊಟ್ಟಿದ್ದರು. "ನಿನ್ನೆ ಸಂಜೆ ಅವರೇ ಅಂಟು ಹಾಕಿ ಇಟ್ಟದ್ದು. ಇವತ್ತು ಐದು ಗಂಟೆಯೊಳಗೆ ಮಂಗಳೂರಿಗೆ ಮುಟ್ಟದಿದ್ದರೆ ಕ್ಲಬ್ಬಿಗೆ ಈ ಮಳೆಗಾಲ ಆಟ ಇಲ್ಲಂತೆ. ಮಣ್ಣು ಮಾಡಿದ ಕೂಡಲೆ ಎರಡೂವರೆಯ ಬಸ್ಸಿಗೆ ಹೋಗು," ಎಂದಿದ್ದರು. ಗಂಡ ಬೆಳಗಿನ ನಮಾಜಿಗೆ ಕೈಕಾಲು ತೊಳೆಯುತ್ತ ಎದೆ ಹಿಡಿದುಕೊಂಡು ಕುಸಿದು ಎಂಟು ತಾಸೂ ಕಳೆದಿರಲಿಲ್ಲ. ಆದರೂ ಅವರಿಗೆ ಅದು ಮರೆತಿರಲಿಲ್ಲ.

ಆ ಲಕೋಟೆಯಲ್ಲಿ ಹನ್ನೊಂದು ಫಾರಂ ಇದ್ದವು. ಅದರಲ್ಲೊಂದು ಮಹಾಲಿಂಗನದು. ಅದು ಮಂಗಳೂರಿಗೆ ಮುಟ್ಟಿದರೆ ಅವನ ಬದುಕು ಮುಗಿದ ಹಾಗೆಯೇ.

*

ಎಲ್ಲರ ಬಾಯಲ್ಲಿ ಹಮೀದಾಕ ಆಗಿದ್ದ ಸಾಹುಲ್ ಹಮೀದ್ ಹುಟ್ಟಿದಲ್ಲಿಂದ ಚೆಂಡಿಗೆ ಕಾಲು ತಾಗಿಸಿದವರಲ್ಲ. ಬಸ್ ಸ್ಟ್ಯಾಂಡಿನ ಏಜೆಂಟು. ಒಂದು ಮೇಜು, ಒಂದು ಸೀಟಿ, ಸುಳ್ಯ-ಸಂಪಾಜೆ-ಮಡಿಕೇರಿ ಎಂದು ಕೂಗಿ ಕೂಗಿ ಒರಟಾದ ಗಂಟಲು, ಇಷ್ಟೇ ಅವರ ಆಸ್ತಿ. ಉಳಿದದ್ದೆಲ್ಲ ಕ್ಲಬ್ಬು. ಕ್ಲಬ್ಬು ಎಂದರೂ ಅಂಥದ್ದೇನಲ್ಲ, ಜಿಲ್ಲೆಯ ಎರಡನೆಯ ದರ್ಜೆಯ ಲೀಗಿನಲ್ಲಿ ವರ್ಷವೂ ಕೆಳಗಿನಿಂದ ಎರಡನೆಯದೋ ಮೂರನೆಯದೋ ಆಗುವ ತಂಡ.

ಮಳೆಗಾಲದಲ್ಲಿ ಆಟ ನೋಡುವವರು ಬೇಕಾದಷ್ಟಿದ್ದರು. ಬೇಸಗೆಯಲ್ಲಿ ಕ್ಲಬ್ಬನ್ನು ನೋಡುತ್ತಿದ್ದವರು ಹಮೀದಾಕ ಒಬ್ಬರೇ. ಕೆಂಪು ಮುರಕಲ್ಲಿನ ಮೈದಾನ ಕಾದು ದನಗಳೂ ಅಲ್ಲಿ ಮಲಗದ ದಿನಗಳಲ್ಲಿ ಆಟಗಾರರು ದಿಕ್ಕಿಗೊಬ್ಬರಾಗಿ ಚದುರುತ್ತಿದ್ದರು. ಮೂಸಕುಂಞಿ ಕಲ್ಲುಗುಂಡಿಯ ಮಾವನ ಅಂಗಡಿಗೆ, ಐವರ್ನಾಡಿನ ಮಹಾಲಿಂಗ ಕಡಬದ ಕಾಡು ಕಡಿಯುವ ಕೂಪಿಗೆ ಮರ ಹೇರಲಿಕ್ಕೆ. ಕ್ಯಾಪ್ಟನ್ ಗೌರೀಶಂಕರ ನರಿಮೊಗರಿನಲ್ಲಿ ಮಾಷ್ಟ್ರು, ಅವನಿಗೆ ಶಾಲೆಗೆ ರಜೆ. ಹಮೀದಾಕ ಮೇಜು ಬಿಟ್ಟು ಏಳದೆ ಹನ್ನೊಂದು ಜನರನ್ನೂ ಹಿಂಬಾಲಿಸುತ್ತಿದ್ದರು. ಬಸ್ಸು ಬಂದು ನಿಂತ ಕೂಡಲೆ ಕಂಡಕ್ಟರಿಗೆ ಕಾಟ ಶುರು.

"ಮಹಾಲಿಂಗ ಸಿಕ್ಕಿದನಾ? ಬಸ್ಸಿಳಿಯುವಾಗ ಯಾವ ಕಾಲು ಮೊದಲು ಇಟ್ಟ?"

"ಅದೆಲ್ಲ ಯಾರು ನೋಡುದು ಹಮೀದಾಕ!"

"ನೋಡ್ಬೇಕು. ಎಡಗಾಲು ಮೊದಲು ಇಟ್ಟರೆ ಬಲಮೊಣಕಾಲು ನೋವುಂಟು ಅಂತ ಲೆಕ್ಕ. ಮತ್ತೆ ಮೂಸಕುಂಞಿಗೆ ಹೇಳು, ಹಲಸಿನಹಣ್ಣು ಸಾಕು ಅಂತ. ಗೋಲಿನಲ್ಲಿ ಹೊಟ್ಟೆ ಸಿಕ್ಕಿಬೀಳ್ತದೆ."

ಮೇ ಕೊನೆಗೆ ಆಟಗಾರರ ಫಾರಂ ಮಂಗಳೂರಿನ ಆಫೀಸಿಗೆ ಕೊಡಬೇಕು. ಹನ್ನೊಂದು ಊರಿಗೆ ಹೋಗಿ ರುಜು ಹಾಕಿಸಿ ತರುವುದು ಯಾರಿಂದ ಸಾಧ್ಯ? ಒಪ್ಪಿಗೆ ಕೇಳಿಕೊಂಡು ಬರುವುದು ಕಂಡಕ್ಟರುಗಳ ಕೆಲಸ, ರುಜು ಹಾಕುವುದು ಹಮೀದಾಕನ ಕೆಲಸ. ಏಳು ವರ್ಷದಿಂದ ಎಲ್ಲರ ಹೆಸರನ್ನೂ ಅವರೇ ಬರೆಯುತ್ತಿದ್ದರು. ಒಂದೊಂದು ರುಜುವಿಗೂ ಒಂದೊಂದು ಓರೆ, ಬೇರೆ ಬೇರೆ ಶಾಯಿ. ಹೋದ ವರ್ಷ ಯಾವುದೋ ಎರಡು ತಂಡಗಳು ಕಳ್ಳರುಜುವಿಗಾಗಿ ಕಿತ್ತಾಡಿದ ಮೇಲೆ, ಹೊಸ ರುಜುವನ್ನು ಹಿಂದಿನ ವರ್ಷದ ರುಜುವಿನ ಜೊತೆ ಇಟ್ಟು ನೋಡುವ ಕ್ರಮ ಬಂತು. ಹಮೀದಾಕನಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಹಳೆಯದೂ ಅವರದೇ, ಹೊಸದೂ ಅವರದೇ.

*

ಮಸೀದಿಯ ಅಂಗಳದಲ್ಲಿ ಮಂಚ ಇಳಿಸಿದರು. ಮಹಾಲಿಂಗ, ಗೌರೀಶಂಕರ ಮತ್ತು ತಂಡದ ಬೇರೆ ಹಿಂದೂ ಹುಡುಗರು ಗೇಟಿನ ಪಕ್ಕದ ನೆರಳಿಗೆ ಸರಿದರು. ನಮಾಜಿಗೆ ಸಾಲು ನಿಲ್ಲುವ ಮೊದಲು ಅಬ್ದುಲ್ಲ ಎಲ್ಲರ ಕಡೆಗೆ ತಿರುಗಿದ. ಲಕೋಟೆ ಆಗಲೂ ಕಂಕುಳಲ್ಲೇ ಇತ್ತು.

"ನನ್ನ ಅಣ್ಣನಿಂದ ಯಾರಿಗಾದರೂ ಎಂತಾದರೂ ಬರ್ಲಿಕ್ಕಿದ್ದರೆ ನನ್ನ ಹತ್ರ ಹೇಳಿ. ಅದು ಇನ್ನು ನನ್ನ ಮೇಲೆ. ಅವರು ಯಾರಿಗಾದರೂ ತಪ್ಪು ಮಾಡಿದ್ದರೆ ಮನಸ್ಸಲ್ಲಿಡಬೇಡಿ, ಕ್ಷಮಿಸಿಬಿಡಿ."

ಸತ್ತವರ ಪರವಾಗಿ ಮನೆಯವರು ಹೀಗೆ ಕೇಳುವುದು ಕ್ರಮ. "ಎಂತದೂ ಇಲ್ಲ, ಎಂತದೂ ಇಲ್ಲ," ಎಂದು ಅಂಗಳದ ತುಂಬ ದನಿ ಎದ್ದಿತು. ಮಹಾಲಿಂಗನ ಬಾಯಿ ತೆರೆಯಿತು. ಈಗ ಹೇಳಿಬಿಟ್ಟರೆ ಮುಗಿಯಿತು ಎನ್ನಿಸಿತು. ಆದರೆ ನೂರು ಜನರ ಎದುರು, ಬಿಳಿ ಬಟ್ಟೆ ಹೊದ್ದು ಮಲಗಿದವರ ಎದುರು, ನನ್ನ ಫಾರಂ ತೆಗೆಯಿರಿ ಎನ್ನುವುದು ಹೇಗೆ? ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಸಮಯ ಎಷ್ಟಾಯ್ತು?" ಎಂದು ಗೌರೀಶಂಕರನನ್ನು ಕೇಳಿದ.

"ಒಂದೂ ಕಾಲು. ನಿನಗೆಂಥ ಅರ್ಜೆಂಟು?"

*

ಆ ವಾರದ ಸೋಮವಾರ ಮಹಾಲಿಂಗ ಮಂಗಳೂರಿಗೆ ಹೋಗಿದ್ದ. ಎರಡು ವರ್ಷದ ಹಿಂದೆ ಕೂಪಿನಲ್ಲಿ ದಿಮ್ಮಿ ಜಾರಿ ಬಡಿದ ಬಲಮೊಣಕಾಲು ಇನ್ನು ಹೆಚ್ಚೆಂದರೆ ಮೂರು ಮಳೆಗಾಲ ತಾಳೀತು. ಆಮೇಲೆ ಚೆಂಡೂ ಇಲ್ಲ, ಮರ ಹೇರುವುದೂ ಇಲ್ಲ. ಹಂಚಿನ ಕಾರ್ಖಾನೆಯೊಂದರ ರೈಟರು ಹೇಳಿ ಕಳಿಸಿದ್ದರು: ಈ ವರ್ಷ ನಮ್ಮ ತಂಡಕ್ಕೆ ಆಡು, ಲೆಕ್ಕ ಬರೆಯುವ ಕಡೆ ಕೂತು ಮಾಡುವ ಕೆಲಸ ಕೊಡುತ್ತೇವೆ, ಕಾಲು ಹೋದರೂ ಕೆಲಸ ಹೋಗುವುದಿಲ್ಲ. ಹೆಂಡತಿ ಈಶ್ವರಿಗೆ ಏಳು ತಿಂಗಳು. ಮಹಾಲಿಂಗ ಎರಡನೆಯ ಮಾತಾಡದೆ ರುಜು ಹಾಕಿ ಬಂದ. ಒಬ್ಬನ ಹೆಸರಿನಲ್ಲಿ ಎರಡು ತಂಡದ ಫಾರಂ ಬಂದರೆ ಅವನಿಗೆ ಒಂದು ವರ್ಷ ಆಟ ನಿಷೇಧ. ಆಡದವನಿಗೆ ಕಾರ್ಖಾನೆ ಕೆಲಸವನ್ನೂ ಕೊಡುವುದಿಲ್ಲ.

ಬುಧವಾರ ಬಸ್ ಸ್ಟ್ಯಾಂಡಿನಲ್ಲಿ ಹಮೀದಾಕ ಸಿಕ್ಕಿದ್ದರು.

"ಮೊಣಕಾಲು ಹೇಗುಂಟು?"

"ಅಡ್ಡಿಯಿಲ್ಲ."

"ಹಾಗಾದ್ರೆ ನಿನ್ನದನ್ನು ಬರೀತೇನೆ, ಆಗ್ಬಹುದಾ?"

ಕೇಳಿ, ಅವರು ಅವನ ಮುಖವನ್ನೇ ನೋಡುತ್ತ ಕೂತರು. ಮಹಾಲಿಂಗ ಕಡಬದ ಬಸ್ಸು ಬಂತೆಂದು ಓಡಿದ. ಬಸ್ಸು ಬಂದೇ ಇರಲಿಲ್ಲ.

*

ಗೋರಿಗೆ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮಹಾಲಿಂಗನೂ ಹಾಕಿದ. ಮೂರನೆಯ ಹಿಡಿ ಹಾಕುವಾಗ ತಡೆಯಲಾರದೆ ಅತ್ತುಬಿಟ್ಟ. ಅಳುತ್ತಲೇ ಕಣ್ಣೆತ್ತಿ ನೋಡಿದರೆ ಅಬ್ದುಲ್ಲ ಕೈ ತೊಳೆಯಲೂ ನಿಲ್ಲದೆ ಗೇಟಿನತ್ತ ಬಿರಬಿರನೆ ನಡೆದಿದ್ದ. ಮಹಾಲಿಂಗ ಓಡಿದ.

"ಅಬ್ದುಲ್ಲ, ಒಂದು ನಿಮಿಷ. ಅದರಲ್ಲಿ ನನ್ನ ಫಾರಂ ಉಂಟಲ್ಲ, ಅದನ್ನು ತೆಗೀಬೇಕು."

"ತೆಗೆಯುದಾ? ಯಾಕೆ?"

"ನಾನು ಬೇರೆ ಟೀಮಿಗೆ ರುಜು ಹಾಕಿದ್ದೇನೆ. ಹಂಚಿನ ಕಾರ್ಖಾನೆಗೆ. ಕೆಲಸ ಕೊಡ್ತಾರೆ."

ಹಿಂದಿನಿಂದ ಬಂದ ಗೌರೀಶಂಕರನಿಗೆ ಅದು ಕೇಳಿಸಿತು. ಮಕ್ಕಳನ್ನು ಗದರಿಸಿ ಅಭ್ಯಾಸವಾದ ಅವನ ದನಿ ಈಗ ಪಿಸುಗುಟ್ಟುವಷ್ಟು ಸಣ್ಣದಾಯಿತು. "ನಾಚಿಕೆ ಇಲ್ವಾ ನಿನಗೆ? ಹಾಕಿದ ಮಣ್ಣು ಇನ್ನೂ ಕೂತಿಲ್ಲ."

"ಈಶ್ವರಿಗೆ ದಿನ ಹತ್ರ ಬಂತು ಮಾಷ್ಟ್ರೆ. ಕಾಲು ನಿಮಗೆ ಗೊತ್ತುಂಟು."

"ಅಬ್ದುಲ್ಲ, ತೆಗೆಯುದೇ ಬೇಡ. ಲಕೋಟೆ ಹಾಗೇ ಹೋಗ್ಲಿ," ಎಂದ ಗೌರೀಶಂಕರ. "ಆಫೀಸಿನಲ್ಲಿ ಹೋದ ವರ್ಷದ ರುಜು ಇಟ್ಟು ನೋಡ್ತಾರೆ. ನಮ್ಮದು ಸರಿ ಬರ್ತದೆ. ಇವನು ಸ್ವಂತ ಕೈಯಲ್ಲಿ ಹಾಕಿದ್ದು ಕಳ್ಳರುಜು ಅಂತ ಬಿಸಾಡ್ತಾರೆ. ಏಳು ವರ್ಷದಲ್ಲಿ ಇವನ ಕೈಯನ್ನು ಅಲ್ಲಿ ಯಾರು ನೋಡಿದ್ದಾರೆ?"

ಈ ಯೋಚನೆ ಮಹಾಲಿಂಗನ ತಲೆಗೆ ಬಂದೇ ಇರಲಿಲ್ಲ. ಫಾರಂ ತೆಗೆದರೂ ಕಷ್ಟ, ಬಿಟ್ಟರೂ ಕಷ್ಟ. ಅವನ ಹೆಸರು ಅವನ ಕೈಯಲ್ಲೇ ಸುಳ್ಳಾಗಿತ್ತು.

ಬಸ್ ಸ್ಟ್ಯಾಂಡಿನ ಕಡೆಯಿಂದ ಎರಡೂವರೆಯ ಬಸ್ಸಿನ ಮೊದಲ ಹಾರನ್ನು ಕೇಳಿಸಿತು.

"ಮಸೀದಿಯಲ್ಲಿ ನಾನು ಕೇಳಿದೆನಲ್ಲ, ಆಗ ಯಾಕೆ ಬಾಯಿ ಬಿಡ್ಲಿಲ್ಲ?" ಎಂದ ಅಬ್ದುಲ್ಲ.

"ಬಿಡ್ಲಿಕ್ಕೆ ಮುಖ ಬೇಕಲ್ಲ. ಅವರು ಬುಧವಾರ ನನ್ನನ್ನು ಕೇಳಿಯೇ ಬರೆದದ್ದು. ನಾನು ಹೇಳದೆ ಓಡಿಹೋದೆ. ತಪ್ಪು ಅವರದ್ದಲ್ಲ, ನಂದು."

ಅಬ್ದುಲ್ಲ ಹಲ್ಲಿನಿಂದ ಲಕೋಟೆಯ ಅಂಚು ಹರಿದು, ಮಹಾಲಿಂಗನ ಫಾರಂ ಎಳೆದು ಅವನ ಕೈಗಿಟ್ಟ.

"ಅಬ್ದುಲ್ಲ! ಹತ್ತು ಜನರಲ್ಲಿ ಎಂತ ಆಡುದು?"

"ಹನ್ನೊಂದನೆಯವನನ್ನು ನೀವು ಹುಡುಕಿ ಮಾಷ್ಟ್ರೆ, ಒಬ್ಬನದ್ದು ಆಮೇಲೆ ಕೊಟ್ಟರೂ ನಡೀತದೆ. ನನ್ನ ಅಣ್ಣನದ್ದು ನನ್ನ ಮೇಲೆ ಅಂತ ಅಷ್ಟು ಜನರ ಎದುರು ಹೇಳಿ ಬಂದಿದ್ದೇನೆ." ಮಹಾಲಿಂಗನ ಕಡೆ ತಿರುಗಿ, "ನಿನ್ನ ಕಾರ್ಖಾನೆಯವರು ಫಾರಂ ಕೊಟ್ಟಾಯ್ತಾ?" ಎಂದ.

"ಇಲ್ಲ. ರೈಟರು ಇವತ್ತು ನಾಲ್ಕೂವರೆಗೆ ಆಫೀಸಿಗೆ ಬರ್ತಾರೆ."

"ಹಾಗಾದ್ರೆ ಬಸ್ಸು ಹತ್ತು. ಅಲ್ಲಿ ರೈಟರಿಗೆ ಹೊಸ ಫಾರಂ ಬರೆದು ಕೊಡು. ಇದನ್ನು ನೋಡಿ ಅಣ್ಣ ಹಾಕಿದ ರುಜು ಕಲ್ತುಕೋ. ಎರಡು ಗಂಟೆ ಸಮಯ ಉಂಟು."

ಬಸ್ಸು ಕಬಕ ದಾಟುವಷ್ಟರಲ್ಲಿ ಮಹಾಲಿಂಗ ಬೆವರಿ ಒದ್ದೆಯಾಗಿದ್ದ. ಕಂಡಕ್ಟರು ಕಿವಿಯ ಮೇಲಿನ ಪೆನ್ಸಿಲನ್ನೂ ಒಂದು ಹಳೆಯ ಟ್ರಿಪ್‌ಶೀಟನ್ನೂ ಕೊಟ್ಟಿದ್ದ. ಕೇಳಿದವನು ಹಮೀದಾಕನ ತಮ್ಮನಾದ್ದರಿಂದ ಏಕೆಂದು ವಿಚಾರಿಸಲಿಲ್ಲ. ತೊಡೆಯ ಮೇಲೆ ಫಾರಂ ಇಟ್ಟುಕೊಂಡು ಮಹಾಲಿಂಗ ತನ್ನ ಹೆಸರನ್ನು ನೋಡಿ ನೋಡಿ ಬರೆದ. ಹಮೀದಾಕ ಬರೆದದ್ದು ಒಂದೇ ಓಟದಲ್ಲಿ ಸಾಗಿ ಕೊನೆಗೆ ಮೇಲಕ್ಕೆ ಹಾರಿತ್ತು. ಇವನದು ಒಂದೊಂದು ಅಕ್ಷರವೂ ದಿಮ್ಮಿ ಎತ್ತಿಟ್ಟ ಹಾಗೆ ಕೂತಿತು. ಹತ್ತು ಸಲ ಬರೆದ, ಇಪ್ಪತ್ತು ಸಲ ಬರೆದ. ಒಂದೂ ಸರಿಬರಲಿಲ್ಲ. ಮಾಣಿಯ ಸ್ಟಾಪು ಬಂತು, ಹೋಯಿತು.

"ಹಾಗಲ್ಲ," ಎಂದ ಅಬ್ದುಲ್ಲ ಕೊನೆಗೆ. "ಅಣ್ಣ ಕೈ ಎತ್ತುದೇ ಇಲ್ಲ. ನನಗೆ ಅಕ್ಷರ ಕಲಿಸಿದ್ದು ಅವರೇ. ಕೈ ಸಡಿಲ ಬಿಡು."

ಅವನು ಮಹಾಲಿಂಗನ ಮುಷ್ಟಿಯ ಮೇಲೆ ತನ್ನ ಕೈ ಇಟ್ಟ. ಉಗುರಿನ ಸಂದಿಯಲ್ಲಿ ಗೋರಿಯ ಕೆಂಪು ಮಣ್ಣು ಹಾಗೆಯೇ ಇತ್ತು. ಬಸ್ಸು ಕುಲುಕುತ್ತಿದ್ದರೂ ಪೆನ್ಸಿಲು ಎಲ್ಲೂ ತಡೆಯದೆ ಓಡಿ, ಕೊನೆಯಲ್ಲಿ ಮೇಲಕ್ಕೆ ಹಾರಿ ನಿಂತಿತು.

"ಇದು," ಎಂದ ಅಬ್ದುಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದ. ಕೈ ಮಾತ್ರ ತೆಗೆಯಲಿಲ್ಲ. ಟ್ರಿಪ್‌ಶೀಟಿನ ಹಿಂಬದಿಯಲ್ಲಿ, ಮಣ್ಣಿನ ಹೆಬ್ಬೆರಳ ಗುರುತಿನ ಪಕ್ಕ, ಮಹಾಲಿಂಗನ ಹೆಸರು ಹಮೀದಾಕನ ಅಕ್ಷರದಲ್ಲಿತ್ತು.