ಬಳೆಗಾರ್ತಿಯ ಬೆರಳ ಗೆಣ್ಣು

ದೇವದುರ್ಗದ ಹೆಣ್ಣುಮಕ್ಕಳ ಕೈ ಒಂದೊಂದೂ ಹೇಗಿದೆ ಎಂದು ಅವರ ಗಂಡಂದಿರಿಗಿಂತ ಕಮರುನ್ನೀಸಾಳಿಗೆ ಚೆನ್ನಾಗಿ ಗೊತ್ತಿತ್ತು. ಬಳೆಗಾರರ ಮನೆಯಲ್ಲಿ ಹುಟ್ಟಿ ಬಳೆಗಾರರ ಮನೆಗೇ ಸೊಸೆಯಾಗಿ ಬಂದವಳು. ಗಂಡ ಪೀರಾ ಸಾಬ್ ರಾಯಚೂರಿನ ಪೇಟೆಯಿಂದ ಸರಕು ತಂದು ಸಂತೆಯಲ್ಲಿ ಕೂಡುತ್ತಿದ್ದ. ಮನೆಮನೆಗೆ ಹೋಗಿ ತೊಡಿಸುವುದು ಇವಳ ಪಾಲು. ಯಾರ ಕೈ ಬೆಣ್ಣೆ, ಯಾರದು ಬೀಸುವ ಕಲ್ಲಿನ ಗೂಟ, ಯಾವ ಸೊಸೆ ಬಳೆ ಕಂಡರೇ ಅಳುತ್ತಾಳೆ, ಯಾವ ಅತ್ತೆ ಈ ವಯಸ್ಸಿನಲ್ಲೂ ಸಣ್ಣ ಅಳತೆಯದೇ ಬೇಕೆಂದು ಹಟ ಹಿಡಿಯುತ್ತಾಳೆ, ಎಲ್ಲ ಅವಳಿಗೆ ಬಾಯಿಪಾಠ. ಎದುರಿನವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳ ಬುಡದ ಗೆಣ್ಣನ್ನು ಅಮುಕಿ ಅಮುಕಿ ಮೆತ್ತಗೆ ಮಾಡಿ, ಮಾತಾಡುತ್ತಲೇ ಬಳೆ ಏರಿಸಿಬಿಡುತ್ತಿದ್ದಳು. ಅಮುಕಿದರೆ ಬಗ್ಗದ ಗೆಣ್ಣೇ ಇಲ್ಲ ಎನ್ನುವುದು ಅವಳ ಹೆಮ್ಮೆ. ಆ ಹೆಮ್ಮೆಯೇ ಅವಳಿಗೆ ಮುಳುವಾಯಿತು.

ಎರಡನೆಯ ದೊಡ್ಡ ಯುದ್ಧ ಮುಗಿಯುತ್ತ ಬಂದ ವರ್ಷ ಅದು. ಆ ಚಳಿಗಾಲದಲ್ಲಿ ಕಮರುನ್ನೀಸಾಳ ಬೆರಳು ಮುಂಜಾನೆ ಮಡಚಲು ಬರದಂತಾದವು. ಎರಡೂ ಕೈಯ ಗೆಣ್ಣುಗಳು ಬಾತು, ಕೆಂಪಗಾಗಿ, ಮುಟ್ಟಿದರೆ ಬಿಸಿ. ಹೊತ್ತು ಏರಿದ ಮೇಲೆ ಒಂದಿಷ್ಟು ಸಡಿಲವಾಗುತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ. ಬಳೆಗಾರ್ತಿಯ ಕೈ ಕೆಟ್ಟಿದೆ ಎಂದು ಗೊತ್ತಾದರೆ ಯಾರು ಕೈ ಕೊಟ್ಟಾರು? ಬೆರಳ ತುಂಬ ಮದರಂಗಿ ಹಚ್ಚಿಕೊಂಡಳು. ಕೆಂಪಿನ ಮೇಲೆ ಕೆಂಪು, ಹಬ್ಬವಿಲ್ಲದ ದಿನವೂ ಹಬ್ಬ. ಐವತ್ತು ಮುಟ್ಟುತ್ತಿರುವ ಹೆಂಡತಿಗೆ ಇದೇನು ಹೊಸ ಶೋಕಿ ಎಂದು ಪೀರಾ ಸಾಬ್ ನಕ್ಕ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿಲ್ಲ. ಅಮರಮ್ಮನ ಮನೆಯಲ್ಲಿ ಅದು ಬಯಲಾಯಿತು. ಕೂಲಿ ಮಾಡಿ ತಲೆ ಎತ್ತಿದ ಮನೆ ಅದು. ಕೇರಿಯಲ್ಲಿ ಅಮರಮ್ಮನ ಮಾತಿಗೆ ತೂಕವಿತ್ತು. ಅವಳ ಬಸುರಿ ಸೊಸೆಯ ಕುಬಸದ ಶಾಸ್ತ್ರಕ್ಕೆ ಹಸಿರು ಬಳೆ ಇಡಿಸಬೇಕಾಗಿತ್ತು, ಅದೂ ಬೆಳಗಿನ ಹೊತ್ತು. ಕಮರುನ್ನೀಸಾ ಬಸುರಿಯ ಕೈ ಹಿಡಿದಳು, ಬೆರಳು ಮಾತು ಕೇಳಲಿಲ್ಲ, ಸಾಲದ್ದಕ್ಕೆ ಬಲ ಹಾಕಿದಳು. ಬಳೆ ಒಡೆಯಿತು ಎನ್ನುವುದು ಅಪಶಕುನ, ಹೆಚ್ಚಿತು ಎನ್ನಬೇಕು. ಒಂದರ ಹಿಂದೆ ಒಂದು ಹೆಚ್ಚುತ್ತಲೇ ಹೋದವು, ಕಡೆಗೆ ಹುಡುಗಿಯ ಮುಂಗೈಗೆ ಗಾಜು ಗೀರಿ ರಕ್ತ ಬಂತು. ಬಸುರಿಯ ಕೈಯಲ್ಲಿ ರಕ್ತ! ಅಮರಮ್ಮ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಗಾಜಿನ ಚೂರು ಆರಿಸಿ ಎದ್ದು ನಿಂತು ಹೇಳಿದಳು:

"ನಿನ್ನ ಕೈ ಮೊದಲಿನಂಗ ಇಲ್ಲ. ಬರೋ ಬ್ಯಾಸಗ್ಯಾಗ ನಮ್ಮ ಮಗಳು ಗೋಪಮ್ಮನ ಮದುವಿ ಅದ. ಅದಕ್ಕ ನಾವು ಮಾನ್ವಿ ಬಳಿಗಾರರನ್ನ ಕರಸ್ತೀವಿ. ಸಿಟ್ಟಿಗೇಳಬ್ಯಾಡ."

ಕೇರಿಗೊಂದು ಬಳೆಗಾರರ ಮನೆ ಎಂಬುದು ಅಜ್ಜ ಮುತ್ತಜ್ಜರ ಕಾಲದ ನಡಾವಳಿ. ಮದುವೆಯ ಬಳೆ ಒಮ್ಮೆ ಬೇರೆಯವರ ಕೈಗೆ ಹೋದರೆ ಕೇರಿಯೇ ಹೋದಂತೆ. ಇನ್ನು ಸಾಕು, ಮನೆಯಲ್ಲಿ ಕೂಡು, ಸೊಸೆ ಲತೀಫಾ ಮಲಾರ ಹೊರಲಿ ಎಂದು ಪೀರಾ ಸಾಬ್ ಅಂದ. ಮಲಾರವೆಂದರೆ ಬಳೆ ಪೋಣಿಸಿದ ಹೊರೆ. ಲತೀಫಾ ಒಳ್ಳೆಯ ಹುಡುಗಿ, ಆದರೆ ಅವಳ ಕೈಯಲ್ಲಿ ಒಂದು ಡಜನ್ ತೊಡಿಸುವಷ್ಟರಲ್ಲಿ ಅರ್ಧ ಡಜನ್ ಮಣ್ಣುಪಾಲು. ಕಮರುನ್ನೀಸಾ ಗಂಡನಿಗೆ ಒಂದೇ ಮಾತು ಹೇಳಿದಳು: "ಕೈ ಬ್ಯಾನಿ ಬಿದ್ದದ, ಸತ್ತಿಲ್ಲ. ಗೋಪಮ್ಮನ ಬಳಿ ನಾನೇ ಇಡಸ್ತೀನಿ."

ಮರುದಿನವೇ ರಾಯಚೂರಿನ ಬಸ್ಸು ಹತ್ತಿದಳು. ಪೆಟ್ರೋಲು ಯುದ್ಧಕ್ಕೆ ಹೋಗಿ ಬಸ್ಸುಗಳು ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದ ಕಾಲ; ಕಲ್ಮಲದ ಹತ್ತಿರ ಗಾಡಿ ಕೆಮ್ಮಿ ನಿಂತಿತು. ಎಲ್ಲರೂ ಇಳಿದು ತಳ್ಳಿದರು. ಇವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ದಾರಿಯ ದಂಡೆಗೆ ನಿಂತಳು, ಸೊಕ್ಕಿನ ಹೆಂಗಸು ಎಂದು ಯಾರೋ ಅಂದದ್ದನ್ನೂ ಕೇಳಿಸಿಕೊಂಡಳು.

ಹೆಂಗಸರ ದವಾಖಾನೆಯಲ್ಲಿದ್ದ ಡಾಕ್ಟರಮ್ಮ ಹೈದರಾಬಾದಿನ ಕಡೆಯವಳು, ಗಡಿಬಿಡಿಯ ಮನುಷ್ಯಳು, ಹೊರಗೆ ಹೆಂಗಸರ ಸಾಲು ಬಾಗಿಲು ದಾಟಿತ್ತು. ಇಬ್ಬರ ಮಾತೂ ಉರ್ದುವಿನಲ್ಲಿ ನಡೆಯಿತು. ಮದರಂಗಿಯ ಕೆಳಗಿನ ಬಿಸಿಯನ್ನು ಆಕೆ ಬೆರಳಿನಿಂದಲೇ ಕಂಡುಹಿಡಿದಳು. ಇದು ಗಾಳಿ ಸೋಕಿದ್ದಲ್ಲ, ಕಣ್ಣು ತಾಗಿದ್ದಲ್ಲ, ಕೀಲಿನ ಒಳಪದರವೇ ಉರಿದು ಬಾಯುವ ಸಂಧಿವಾತ ಎಂದಳು. ಬುಡಸಮೇತ ಕೀಳುವ ಔಷಧ ತನ್ನ ಹತ್ತಿರವಿಲ್ಲ, ಆದರೆ ಕೈಯನ್ನು ಉಳಿಸಿಕೊಳ್ಳಬಹುದು. ಊಟವಾದ ಮೇಲೆ ಈ ನೀರೌಷಧ. ಮುಂಜಾನೆ ಬಿಸಿನೀರಿನಲ್ಲಿ ಕೈ ಇಟ್ಟು ಗೆಣ್ಣು ಗೆಣ್ಣೂ ಸಡಿಲ ಮಾಡು, ಬೆರಳಿಗೆ ದಿನಾ ಕೆಲಸ ಕೊಡು, ಸುಮ್ಮನೆ ಕಟ್ಟಿಹಾಕಬೇಡ. ಕಮರುನ್ನೀಸಾ ತಲೆ ಆಡಿಸಿದಳು. ಗೆಣ್ಣು ಸಡಿಲ ಮಾಡುವುದನ್ನು ಬಳೆಗಾರ್ತಿಗೆ ಯಾರೂ ಕಲಿಸಬೇಕಾಗಿಲ್ಲವಲ್ಲ!

ಅಲ್ಲಿಯೇ ಎಡವಿದಳು. ಊರಿಗೆ ಬಂದವಳು ದಿನಾ ಬೆಳಗ್ಗೆ ಬಿಸಿನೀರಿಗೆ ಕೈ ಹಾಕಿ, ಕುಲಕಸುಬಿನ ಬಲವನ್ನೆಲ್ಲ ತನ್ನ ಗೆಣ್ಣುಗಳ ಮೇಲೇ ಇಳಿಸಿದಳು. ಬಲಗೈಯಿಂದ ಎಡಗೈ ಅಮುಕಿ, ಎಡಗೈಯಿಂದ ಬಲಗೈ ಹಿಂಡಿ, ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ನೋವಿಲ್ಲದೆ ಯಾವ ಕೈ ಮೆತ್ತಗಾಗುತ್ತದೆ? ಸಾವಿರ ಹೆಂಗಸರಿಗೆ ಹೇಳಿದ ಮಾತನ್ನು ಈಗ ತನಗೇ ಹೇಳಿಕೊಂಡಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದು ಎಂದರೆ ಇದೇ, ಇವಳದು ಕೈ ಅಷ್ಟೆ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಗೆಣ್ಣುಗಳು ಅಡಿಕೆಯಷ್ಟು ದಪ್ಪಗಾಗಿ, ನೀರಿನ ತಂಬಿಗೆಯೂ ಕೈಯಿಂದ ಜಾರತೊಡಗಿತು.

ಡಾಕ್ಟರಮ್ಮನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು ಬಂತು. ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದೇನೆ, ಸಿಕ್ಕಿದ್ದೇನು? ಊರ ಬಾಯಿ ಸುಮ್ಮನಿರುತ್ತದೆಯೇ, ಮಾನ್ವಿಯಲ್ಲಿ ಹಂಪಯ್ಯ ಅಂತ ಇದ್ದಾನೆ, ಬರೆ ಎಳೆದನೆಂದರೆ ಕೀಲುನೋವು ಮತ್ತೆ ತಿರುಗಿ ನೋಡುವುದಿಲ್ಲ ಎಂದಿತು. ಕಮರುನ್ನೀಸಾ ಲತೀಫಾಳನ್ನು ಜೊತೆಗೆ ಕರೆದುಕೊಂಡು ಮಾನ್ವಿಗೂ ಹೋದಳು.

ಹಂಪಯ್ಯ ಕೆಟ್ಟ ಮನುಷ್ಯನಲ್ಲ. ಕುಲುಮೆಯ ಮುಂದೆ ಕೂತು ಕಬ್ಬಿಣದ ಕಡ್ಡಿ ಕಾಯಲು ಇಟ್ಟು, ಹೆದರಬೇಡ ತಾಯಿ ಎಂದು ಸಮಾಧಾನ ಹೇಳಿದ. ಧೈರ್ಯಕ್ಕಿರಲಿ ಎಂದು ತಾನು ಹಿಂದಿನ ವರ್ಷ ವಾಸಿ ಮಾಡಿದ ನೆರೆಮನೆಯ ಹೆಂಗಸನ್ನು ಕರೆಸಿದ. ಈಗ ನೋವಿಲ್ಲ ಎಂದು ಆಕೆ ನಿಜವಾಗಿಯೂ ಹೇಳಿದಳು. ಕಮರುನ್ನೀಸಾ ರೂಢಿಯಂತೆ ಆಕೆಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಸುಟ್ಟ ಚರ್ಮ ಮುದುಡಿ ಗಂಟಾಗಿತ್ತು. ಹೆಬ್ಬೆರಳು ಅಂಗೈಯ ಕಡೆ ಮಡಚಲಿಲ್ಲ, ಉಳಿದ ಬೆರಳುಗಳು ನಿಂತಲ್ಲೇ ನಿಂತಿದ್ದವು. ಬರೆಯ ನೋವಿಗೆ ಹೆದರಿ ಆಕೆ ತಿಂಗಳುಗಟ್ಟಲೆ ಕೈ ಅಲ್ಲಾಡಿಸಿರಲೇ ಇಲ್ಲವಂತೆ. ಜಗತ್ತಿನ ಯಾವ ಬಳೆಯೂ ಆ ಕೈಗೆ ಏರುವಂತಿರಲಿಲ್ಲ, ಆ ಕೈಯಿಂದ ಇನ್ನೊಬ್ಬರಿಗೆ ಏರಿಸುವ ಮಾತಂತೂ ದೂರ. ಕಮರುನ್ನೀಸಾ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದಳು. ಕಡ್ಡಿ ಕೆಂಪಗೆ ಕಾದಿತ್ತು. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಷ್ಯ ಅಂತಾರೆ. ಅವಳು ತಪ್ಪಿಸಿಕೊಂಡದ್ದು ಕಾದ ಕಬ್ಬಿಣದಿಂದ.

ಅಲ್ಲಿಂದ ದೇವದುರ್ಗಕ್ಕೆ ಹೋಗಲಿಲ್ಲ, ನೆಟ್ಟಗೆ ರಾಯಚೂರಿಗೆ ಹೋದಳು, ಜಗಳಕ್ಕೆ. ಸಾಲಿನಲ್ಲಿ ನಿಂತು ತನ್ನ ಪಾಳಿ ಬಂದಾಗ ಎರಡೂ ಕೈಯನ್ನು ಮೇಜಿನ ಮೇಲಿಟ್ಟಳು. ನೀವು ಹೇಳಿದ್ದನ್ನು ಒಂದು ದಿನವೂ ತಪ್ಪಿಸಿಲ್ಲ, ನೋಡಿ ನಿಮ್ಮ ಔಷಧದ ಕರಾಮತ್ತು ಎಂದಳು. ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಬಿಸಿನೀರಿನ ಬೋಗುಣಿ ತರಿಸಿ, ಮನೆಯಲ್ಲಿ ಏನು ಮಾಡುತ್ತೀಯೋ ಅದನ್ನೇ ನನ್ನ ಮುಂದೆ ಮಾಡಿ ತೋರಿಸು ಎಂದಳು. ಕಮರುನ್ನೀಸಾ ತೋಳು ಏರಿಸಿ ಶುರು ಮಾಡಿದಳು. ಎಡಗೈಯ ಗೆಣ್ಣನ್ನು ಹಿಡಿದು ಹಿಂಡಿದ್ದೇ ತಡ, ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಅವಳ ಮಣಿಕಟ್ಟು ಹಿಡಿದಳು.

"ಬಿಡು, ಬಿಡು. ನಿನ್ನ ಕೈಯನ್ನು ನೀನೇ ಮುರಿಯುತ್ತಿದ್ದೀಯಲ್ಲ. ತಪ್ಪು ನನ್ನದು, ಹೇಳಿ ಕಳಿಸಿದೆ, ಮಾಡಿಸಿ ನೋಡಲಿಲ್ಲ."

ಆಮೇಲೆ ಆಕೆ ಹೊರಗಿನ ಸಾಲನ್ನು ಮರೆತು ಎದುರಿಗೆ ಕೂತಳು. ಬಾತ ಕೀಲು ಹುಣ್ಣಿದ್ದಂತೆ. ಹುಣ್ಣನ್ನು ಯಾರಾದರೂ ಹಿಂಡುತ್ತಾರೆಯೇ? ಕೈ ನೀರಿನೊಳಗೇ ಇರಲಿ, ಇನ್ನೊಂದು ಕೈ ಅದನ್ನು ಮುಟ್ಟುವುದೂ ಬೇಡ. ಬೆರಳು ತನ್ನ ಶಕ್ತಿಯಿಂದ ಎಷ್ಟು ಮಡಚುತ್ತದೋ ಅಷ್ಟೇ ಮಡಚಲಿ, ಎಷ್ಟು ತೆರೆಯುತ್ತದೋ ಅಷ್ಟೇ ತೆರೆಯಲಿ. ಬಿಸಿಯಾಗಿ ಕೆಂಪಗಿದ್ದ ದಿನ ಹೆಚ್ಚು ವಿಶ್ರಾಂತಿ, ತಣ್ಣಗಿದ್ದ ದಿನ ಹೆಚ್ಚು ಕೆಲಸ. ಒದ್ದೆ ಸೀರೆ ಹಿಂಡಬೇಡ, ಮಲಾರವನ್ನು ಬೆರಳಲ್ಲಿ ತೂಗಾಡಿಸಬೇಡ, ಹೆಗಲಿಗೆ ಹಾಕು. ಒಂದೊಂದನ್ನೂ ಕಮರುನ್ನೀಸಾಳಿಂದ ಮಾಡಿಸಿ ನೋಡಿ, ಲತೀಫಾಳಿಂದ ಹೇಳಿಸಿ ಕೇಳಿದ ಮೇಲೆಯೇ ಬಿಟ್ಟಳು. ಜಗಳಕ್ಕೆ ಬಂದವಳು ಹೋಗುವಾಗ ದುವಾ ಹೇಳಿ, ಹರಸಿ ಹೋದಳು.

ಹಿಂಡದೆ ಕೂಡುವುದು ಅವಳಿಗೆ ಹಿಂಡುವುದಕ್ಕಿಂತ ಕಷ್ಟವಾಯಿತು. ಜನ್ಮದ ರೂಢಿ ನಾಲ್ಕು ದಿನಕ್ಕೆ ಬಿಡುತ್ತದೆಯೇ? ಕೈ ತಾನಾಗಿಯೇ ಇನ್ನೊಂದು ಕೈಯ ಕಡೆ ಹೋಗುತ್ತಿತ್ತು, ಪಕ್ಕದಲ್ಲಿ ಕೂತ ಲತೀಫಾ ಮೆಲ್ಲಗೆ ಕೆಮ್ಮುತ್ತಿದ್ದಳು. ಒಮ್ಮೊಮ್ಮೆ ಸುಧಾರಿಸಿ, ಒಮ್ಮೊಮ್ಮೆ ಮತ್ತೆ ಬಾತು, ಮಾಘ ಹೋಯಿತು, ಹೋಳಿ ಹೋಯಿತು. ಬೇನೆ ಹೋಗಲಿಲ್ಲ. ಆದರೆ ತಂಬಿಗೆ ಜಾರುವುದು ನಿಂತಿತು, ಮಧ್ಯಾಹ್ನದ ಹೊತ್ತಿಗೆ ಬೆರಳು ಅವಳ ಮಾತು ಕೇಳತೊಡಗಿದವು. ಆ ಹೊತ್ತಿನಲ್ಲಿ ಲತೀಫಾಳ ಕೈಗೆ ಬಳೆ ಇಟ್ಟು ತೆಗೆದು, ಅಮುಕದೆ ಏರಿಸುವ ಹೊಸ ಪಾಠವನ್ನು ತಾನೂ ಕಲಿತು ಅವಳಿಗೂ ಕಲಿಸಿದಳು.

ಗೋಪಮ್ಮನ ಮದುವೆಗೆ ಎರಡು ದಿನವಿದೆ ಎನ್ನುವಾಗ, ಸುಡು ಮಧ್ಯಾಹ್ನ, ಮಲಾರ ಹೆಗಲಿಗೆ ಹಾಕಿಕೊಂಡು ಕರೆಯದ ಮನೆಗೆ ಹೋದಳು. ಹಿಂದೆ ಲತೀಫಾ. ಅಮರಮ್ಮ ಕೂಡು ಎನ್ನಲಿಲ್ಲ. ಮಾನ್ವಿಯವರಿಗೆ ಹೇಳಿ ಆಗಿದೆ ಎಂದಳು.

"ಮದುಮಗಳ ಕೈ ಕೊಡಬ್ಯಾಡ," ಅಂದಳು ಕಮರುನ್ನೀಸಾ. "ನಿಮ್ಮ ಅತ್ತಿ ಕೈ ಕೊಡು."

ಅತ್ತೆ ಮಾನಮ್ಮ ಪಡಸಾಲೆಯ ಮೂಲೆಯಲ್ಲಿ ಕೂತಿದ್ದಳು. ಗಂಡ ಇರುವ ಮುತ್ತೈದೆ, ಮೊಮ್ಮಗಳ ಮದುವೆಗೆ ಹೊಸ ಬಳೆ ಇಲ್ಲದಿದ್ದರೆ ಹೇಗೆ? ಆದರೆ ಮುಪ್ಪಿನಲ್ಲಿ ಗೆಣ್ಣುಗಳು ಬೆಳೆದು ಗಂಟುಗಂಟಾಗಿದ್ದವು, ಬಳೆಯ ಮಾತೆತ್ತಿದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಆ ಕೈಯನ್ನು ಯಾವ ಬಳೆಗಾರನೂ ಮುಟ್ಟಲು ಒಪ್ಪುವುದಿಲ್ಲ ಎಂದು ಅಮರಮ್ಮನಿಗೂ ಗೊತ್ತಿತ್ತು. ಅವಳು ದಾರಿ ಬಿಟ್ಟಳು.

ಕಮರುನ್ನೀಸಾ ಬಿಸಿನೀರು ಕೇಳಿದಳು. ಒಂದೇ ಪಾತ್ರೆಯಲ್ಲಿ ಮುದುಕಿಯ ಕೈಯೂ ಅವಳ ಕೈಯೂ ಮುಳುಗಿದವು. ಬೆರಳು ತಾವೇ ಎಷ್ಟು ಮಡಚುತ್ತವೋ ಅಷ್ಟೇ ಮಡಚು, ನನ್ನಂಗ ಮಾಡು ಎಂದು ತೋರಿಸುತ್ತ, ಊರ ಸುದ್ದಿಯೆಲ್ಲ ಹೇಳಿದಳು. ಸಣ್ಣ ಬಳೆಯೇ ಚೆಂದ ಎಂದು ಗೊಣಗಿದ ಅಮರಮ್ಮನಿಗೆ, ಬಳೆ ಇರುವುದು ಕೈಗಾಗಿ, ಕೈ ಬಳೆಗಾಗಿ ಅಲ್ಲ ಎಂದು ದೊಡ್ಡ ಅಳತೆಯದನ್ನೇ ಆರಿಸಿದಳು. ಮಾನಮ್ಮ ಕಣ್ಣು ಬಿಗಿಯಾಗಿ ಮುಚ್ಚಿ ಹಲ್ಲು ಕಚ್ಚಿ ಕೂತಳು. ಸ್ವಲ್ಪ ಹೊತ್ತಾಯಿತು.

"ಇಡಸೋದು ಯಾವಾಗಬೇ?" ಎಂದಳು ಕಣ್ಣು ಮುಚ್ಚಿಕೊಂಡೇ.

"ಇಟ್ಟಾಯ್ತು ಯವ್ವಾ. ನೋಡು."

ಮಾನಮ್ಮ ನೋಡಿದಳು. ಮುಂಗೈ ತುಂಬ ಹಸಿರು ಬಳೆ. ಅಮರಮ್ಮ ಅತ್ತೆಯ ಕೈಯನ್ನು ತಿರುವಿ ತಿರುವಿ ನೋಡಿ, ಸೋತ ಮುಖದಲ್ಲೇ ನಕ್ಕಳು. ಮಾನ್ವಿಯವರಿಗೆ ಬೇಡವೆಂದು ಹೇಳಿಕಳಿಸುತ್ತೇನೆ, ನಾಳೆ ಹೊತ್ತು ಮೂಡುತ್ತಲೇ ಬಾ, ಮದುಮಗಳ ಬಳೆ ಎಳೆಬಿಸಿಲಿನಲ್ಲೇ ಆಗಬೇಕು ಎಂದಳು.

ಲತೀಫಾಳ ಮುಖ ಬಿಳಚಿಕೊಂಡಿತು. ಹೂಂ ಎಂದರೆ ಕೇರಿ ಉಳಿಯುತ್ತಿತ್ತು. ಕಮರುನ್ನೀಸಾಳ ನಾಲಿಗೆಯ ತುದಿಗೂ ಹೂಂ ಬಂದಿತ್ತು. ಅದನ್ನು ನುಂಗಿದಳು.

"ಮುಂಜಾನಿ ಬರಂಗಿಲ್ಲ ಅಮರವ್ವಾ. ನನಗ ಸಂಧಿವಾತ ಅದ. ಮುಂಜಾನಿ ನನ್ನ ಬೆರಳು ಏಳಂಗಿಲ್ಲ, ಸೊಸಿ ಕುಬಸದಾಗ ಆಗಿದ್ದು ಅದೇ. ಮಧ್ಯಾಹ್ನ ಆದ್ರ ನಾನು. ಮುಂಜಾನಿನೇ ಆಗಬೇಕಂದ್ರ ಮಾನ್ವಿಯವ್ರನ್ನ ಕರಸು."

ಅಮರಮ್ಮ ಬಾಯಿ ತೆರೆಯುವುದರೊಳಗೆ ಮಾನಮ್ಮ ಅಂದಳು, ಬಳೆಯ ಕೈಯನ್ನು ಮಡಿಲಲ್ಲಿಟ್ಟುಕೊಂಡು:

"ಮಧ್ಯಾಹ್ನನೇ ಇಡ್ರಿ. ನನ್ನ ಕೈನೂ ಮುಂಜಾನಿ ಹಂಗ ಇರ್ತಾವ. ಹೇಳಿದ್ದಿಲ್ಲ."

ಅಮರಮ್ಮ ಅತ್ತೆಯ ಕಡೆ ತಿರುಗಿದಳು. "ದಿನಾ ಮುಂಜಾನಿ ರೊಟ್ಟಿ ನೀವೇ ಬಡೀತಿದ್ರಲ್ಲ ಅತ್ತಿ."

"ಬಡೀತಿದ್ದೆ," ಎಂದಳು ಮಾನಮ್ಮ.

ಅಮರಮ್ಮ ಗೋಡೆಗೆ ಆನಿಸಿದ್ದ ಚಾಪೆಯನ್ನು ತಂದು ಬಳೆಗಾರ್ತಿಯ ಮುಂದೆ ಹಾಸಿದಳು. ನಾಳೆ ಮಧ್ಯಾಹ್ನವೇ ಬಾ ಎಂದು ತಾನೂ ಕೂತು, ಬಿಸಿನೀರಿನಲ್ಲಿ ಅತ್ತೆ ಬೆರಳು ಹೇಗೆ ಮಡಚಬೇಕು, ತನಗೆ ಮೊದಲಿಂದ ಇನ್ನೊಮ್ಮೆ ತೋರಿಸು ಎಂದು ಕೇಳಿದಳು.