ಒಂದು ಹನಿ ಎಣ್ಣೆ

ಮೂರನೆಯ ಗುಂಡಿಗೆ ಪಿಸ್ತೂಲು ಮುಷ್ಕರ ಹೂಡಿತು. ಗಾರ್ಗಿ ಅದರ ಮೇಲಿನ ಉಕ್ಕಿನ ಭಾಗವನ್ನು ಹಿಂದಕ್ಕೆ ಎಳೆದಳು. ಅರ್ಧಕ್ಕೆ ಬಂದು ಕರಕರ ಎಂದು ನಿಂತಿತು. ಚಾಮುಂಡಿ ಬೆಟ್ಟದ ಆಚೆಯ, ಗುಂಡು ಹಾರಿಸುವ ಪರೀಕ್ಷೆ ನಡೆಯುತ್ತಿದ್ದ ಬಯಲಲ್ಲಿ ಬೆಳಗಿನಿಂದ ಗಾಳಿ ಧೂಳೆಬ್ಬಿಸಿ ಎಲ್ಲರ ಕಣ್ಣು ಬಾಯಿಗೆ ತುಂಬುತ್ತಿತ್ತು. ಆದರೂ ಅಕ್ಕಪಕ್ಕದವರ ಪಿಸ್ತೂಲುಗಳು ಸಿಡಿಯುತ್ತಲೇ ಇದ್ದವು. ವಿಶೇಷ ಪಡೆ ಸೇರಬೇಕೆಂದು ವರ್ಷಗಟ್ಟಲೆ ಕಾದಿದ್ದ ಸಬ್ ಇನ್‌ಸ್ಪೆಕ್ಟರ್ ಗಾರ್ಗಿಯದು ಮಾತ್ರ ಬಾಯಿ ಮುಚ್ಚಿಕೊಂಡಿತ್ತು.

ಶಸ್ತ್ರಾಗಾರದ ಸಿದ್ದಮಲ್ಲಪ್ಪ ಗುಂಡು ತೆಗೆದು, ಪಿಸ್ತೂಲನ್ನು ಬಿಚ್ಚಿ, ಒಳಗೆ ಬೆರಳಾಡಿಸಿ ತೋರಿಸಿದ. ಎಣ್ಣೆ, ಮರಳು, ಜೊತೆಗೆ ಕುಂಕುಮ; ಮೂರೂ ಕಲಸಿ ಕೆಸರಾಗಿತ್ತು.

"ಯಾರು ಮೇಡಂ ಇಷ್ಟೊಂದು ಎಣ್ಣೆ ಹುಯ್ದವ್ರು? ಧೂಳಿರೋ ಕಡೆ ಎಣ್ಣೆ ಅಂದ್ರೆ ಅಂಟು. ಇದರ ಮೈ ಪ್ಲಾಸ್ಟಿಕ್ಕು, ತುಕ್ಕಿನ ಭಯ ಇಲ್ಲ. ಉಕ್ಕಿಗೆ ಉಕ್ಕು ಉಜ್ಜೋ ಕಡೆ ಒಂದೊಂದೇ ಹನಿ, ಆಮೇಲೆ ಒರೆಸ್ಬುಡೋದು."

ಅದು ಅವಳಿಗೂ ಗೊತ್ತಿತ್ತು. ಯಾರ ಕೈ ಎಂಬುದೂ ಗೊತ್ತಾಯಿತು. ಅಪ್ಪ ಕೃಷ್ಣಸ್ವಾಮಿ ಅರಮನೆಯ ಕತ್ತಿಗಳಿಗೆ ಎಣ್ಣೆ ಹಚ್ಚುತ್ತಲೇ ತಲೆ ನರೆಸಿಕೊಂಡವರು. ಪರೀಕ್ಷೆಗೆ ಹೊರಡುವ ಮುಂಚೆ ಆಯುಧಕ್ಕೆ ಪೂಜೆಯಾಗಲೇಬೇಕೆಂದು ಹಟ ಹಿಡಿದಿದ್ದರು. ಗುಂಡಿಲ್ಲದ ಪಿಸ್ತೂಲನ್ನು ದೇವರ ಮುಂದಿಟ್ಟು ಅವಳು ಬೂಟು ಹಾಕಿಕೊಳ್ಳುವಷ್ಟರಲ್ಲಿ ಕೆಲಸ ಮುಗಿಸಿದ್ದರು. ಮಗಳಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಮನುಷ್ಯ ಪಿಸ್ತೂಲಿಗೂ ಬಿಟ್ಟಿದ್ದರು, ಅಷ್ಟೇ.

ತಪ್ಪು ತನ್ನದೇ ಎಂದು ಅವಳು ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿಗೆ ಹೇಳಿದಳು. ನಾಳೆ ಬೆಳಿಗ್ಗೆ ಇನ್ನೊಂದೇ ಅವಕಾಶ, ಮತ್ತೆ ಕೇಳಬೇಡಿ ಎಂದರು ಅವರು.

ಸಂಜೆ ವಿದ್ಯಾರಣ್ಯಪುರಂನ ಮನೆಯ ಗೇಟಿನಲ್ಲೇ ಅಪ್ಪ ನಿಂತಿದ್ದರು. ಪರೀಕ್ಷೆ ಏನಾಯಿತೆಂದು ಕೇಳಿದರು. ಅವಳು ಒಳಗೆ ಹೋಗಿ ನಡುಮನೆಯಲ್ಲಿ ಪೇಪರ್ ಹಾಸಿ ಪಿಸ್ತೂಲು ಬಿಚ್ಚಿದಳು. ಸುಮ್ಮನಿದ್ದರೆ ನಾಳೆಯೂ ಎಣ್ಣೆ ಬೀಳುತ್ತದೆ. ಹೇಳಿದರೆ, ತನಗೆ ಕೊಡಲು ಅಪ್ಪನ ಬಳಿ ಉಳಿದಿರುವ ಒಂದೇ ವಿದ್ಯೆಯನ್ನು ಬೇಡವೆಂದಂತೆ.

"ಅಪ್ಪ, ಇದಕ್ಕೆ ಕತ್ತಿ ಥರ ಎಣ್ಣೆ ಕುಡಿಸೋ ಹಾಗಿಲ್ಲ. ಧೂಳು ಕಚ್ಚಿಕೊಳ್ಳತ್ತೆ."

ಅವಳ ಕೈಯ ಬಟ್ಟೆಗೆ ಹತ್ತಿದ್ದ ಕೆಂಪನ್ನು ಅವರು ನೋಡುತ್ತಲೇ ಇದ್ದರು.

"ನನ್ನಿಂದ ಕೆಟ್ಟುಹೋಯ್ತೇನಮ್ಮ?"

"ನಾಳೆ ಇನ್ನೊಂದು ಸಲ ಇದೆ."

ಕೃಷ್ಣಸ್ವಾಮಿ ಕನ್ನಡಕ ಏರಿಸಿ ಪೇಪರಿನ ಪಕ್ಕ ಕೂತರು. "ಎಲ್ಲೆಲ್ಲಿ, ಎಷ್ಟು, ತೋರಿಸು."

ಅವಳು ತೋರಿಸಿದಳು. ಅವರು ಉಸಿರು ಬಿಗಿಹಿಡಿದು ಒಂದೊಂದೇ ಹನಿ ಬಿಟ್ಟರು. ಅವಳು ಒರೆಸಿದಳು.

ಬೆಳಿಗ್ಗೆ ಪಿಸ್ತೂಲು ಮತ್ತೆ ದೇವರ ಮುಂದಿತ್ತು. ಅಪ್ಪ ಕುಂಕುಮದಲ್ಲಿ ಬೆರಳದ್ದಿದರು. ಬೆರಳು ಅಭ್ಯಾಸಬಲದಿಂದ ಪಿಸ್ತೂಲಿನತ್ತ ಹೋಗಿ, ಅರ್ಧದಲ್ಲಿ ನಿಂತಿತು. ಅವರು ತಿರುಗಿ, ತಮಗಿಂತ ಎತ್ತರದ ಮಗಳ ಹಣೆಗೆ ತುದಿಗಾಲಿನಲ್ಲಿ ನಿಂತು ಕುಂಕುಮ ಇಟ್ಟರು. ಉಳಿದ ಪುಡಿಯನ್ನು ಹೆಗಲ ಟವಲಿಗೆ ಒರೆಸಿ, ಮತ್ತೊಮ್ಮೆ ಒರೆಸಿ, ಅವಳು ಪಿಸ್ತೂಲು ಎತ್ತಿಕೊಳ್ಳುವವರೆಗೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.