ಹಳೆಯ ಒಲೆಯ ಮೇಲಿನ ಬೆಳಕಿಂಡಿ

ಜೋಳ ಬೀಸುತ್ತಿದ್ದ ಶಕುಂತಲಾಬಾಯಿಯ ಕೈ ಅರ್ಧ ಸುತ್ತಿನಲ್ಲೇ ನಿಂತಿತು. ಗೋಡೆಯ ಆಚೆಯಿಂದ ಬರುತ್ತಿದ್ದ ಹಾಡು ನಡುವೆಯೇ ಕಡಿದು, ಧಪ್ಪೆಂದು ಏನೋ ಬಿದ್ದ ಸದ್ದಾಯಿತು. ಅದರ ಬೆನ್ನಿಗೇ "ಅಯ್ಯಯ್ಯೋ, ಮಾಳಿಗಿ ಬಿತ್ತೋ!" ಎಂಬ ಕೂಗು. ಅವಳು ತಲೆಯೆತ್ತಿ ನೋಡಿದಳು. ತನ್ನ ಮನೆಯ ತೊಲೆ, ಜಂತೆ, ಹೊಗೆಯ ಮಸಿ ಎಲ್ಲವೂ ಇದ್ದಲ್ಲೇ ಇದ್ದವು. ಬೆಳಕು ಬರಬೇಕಾದಲ್ಲಿ ಸೂಜಿಮೊನೆಯಷ್ಟೂ ಬೆಳಕಿರಲಿಲ್ಲ.

"ಅವ್ವಾ, ಹಂಗಾದ್ರ ಅಪ್ಪ ಎಲ್ಲಿ ಅಗಿಯಾಕತ್ತಾನ?" ಎಂದಳು ಮಗಳು ಕಾಶಿ, ಕಣ್ಣರಳಿಸಿ.

ಹುಮನಾಬಾದಿನ ಆ ಓಣಿಯಲ್ಲಿ ಬೇಸಿಗೆಯೆಂದರೆ ಮಾಳಿಗೆಯ ಕೆಲಸದ ಕಾಲ. ಮಳೆ ಬೀಳುವುದರೊಳಗೆ ಎಲ್ಲರೂ ಮನೆಯ ಮಣ್ಣಿನ ಚಾವಣಿಗೆ ಹೊಸ ಮಣ್ಣು ಹೊದಿಸುವರು. ದೇಶದೇಶಗಳ ನಡುವೆ ಲಡಾಯಿ ಶುರುವಾದಾಗಿನಿಂದ ಘಾಸಲೇಟು ಎಣ್ಣೆ ಸಿಗದೆ ಶಕುಂತಲಾಬಾಯಿಯ ಕಂದೀಲು ಗೂಟಕ್ಕೆ ಸುಮ್ಮನೆ ತೂಗುತ್ತಿತ್ತು. ಕತ್ತಲೆಯ ಅಡಿಗೆಮನೆಯಲ್ಲಿ ರೊಟ್ಟಿ ಬೆಂದಿತೋ ಸೀದಿತೋ ಮೂಗೇ ಹೇಳಬೇಕು. "ಒಲಿ ಮ್ಯಾಲ ಒಂದು ಬೆಳಕಿಂಡಿ ತೆಗಿಸಿಕೊಡ್ರಿ" ಎಂದು ಗಂಡನಿಗೆ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಮನೆ ಕಟ್ಟುವ ಗವಂಡಿ ಜಲಾಲುದ್ದೀನ್ ಕಲ್ಯಾಣಿ ಊರಿಗೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ.

"ಒಂದು ತೂತು ಕೊರಿಯಾಕ ಗವಂಡಿ ಯಾಕ ಬೇಕು? ನನಗೇನು ಕೈ ಇಲ್ಲೇನು?" ಎಂದು ಮಹಾರುದ್ರಪ್ಪ ಈ ದಿನ ಬಿಸಿಲೇರುವ ಮೊದಲೇ ಗುದ್ದಲಿ ಹಿಡಿದು ಮಾಳಿಗೆ ಹತ್ತಿದ್ದ.

ಗೋಡೆಯ ಆಚೆಯದು ಅವನ ಅಣ್ಣ ಬಸವಣಪ್ಪನ ಮನೆ. ಮೊದಲು ಎರಡೂ ಒಂದೇ ಮನೆಯಾಗಿತ್ತು. ಅತ್ತೆ ತೀರಿದ ಮೇಲೆ, ಕಾಶಿ ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ, ಹೊಲದ ಬದುವಿನ ಜಗಳ ಮನೆಯೊಳಗೆ ಬಂದು ನಡುವೆ ಗೋಡೆ ಎದ್ದಿತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಹೆಂಗಸರೂ ಆಡಕೂಡದೆಂದು ಇಬ್ಬರೂ ತಾಕೀತು ಮಾಡಿದ್ದರು.

ಆದರೆ ಗೋಡೆಯ ಎರಡೂ ಬದಿಗೆ ಒಂದೊಂದು ಬೀಸುವ ಕಲ್ಲಿತ್ತು. ಗಂಡಸರು ಹೊರಬಿದ್ದ ಮೇಲೆ ಆಚೆ ಬಸವಣಪ್ಪನ ಹೆಂಡತಿ ಕಸ್ತೂರಿಬಾಯಿ ಬೀಸುವ ಪದದ ಒಂದು ನುಡಿ ಎತ್ತಿದರೆ, ಈಚೆ ಶಕುಂತಲಾಬಾಯಿ ಮುಂದಿನ ನುಡಿ ಹಿಡಿಯುವಳು. ಆಡಕೂಡದು ಎಂದಿದ್ದರು, ಹಾಡಕೂಡದು ಎಂದು ಯಾರೂ ಅಂದಿರಲಿಲ್ಲ. ಗೊತ್ತಾದರೆ ಅದನ್ನೂ ನಿಲ್ಲಿಸುತ್ತಾರೆಂಬ ಅಂಜಿಕೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ದಪ್ಪ ಮಣ್ಣಿನ ಮಾಳಿಗೆ ದಾಟಿ ಹಾಡು ಮೇಲೆ ಹೋಗದೆಂಬ ಧೈರ್ಯದಿಂದ ಇಂದೂ ಹಾಡಿದ್ದಳು.

ಈ ಗುಟ್ಟು ತಿಳಿದವಳು ಕಾಶಿಯೊಬ್ಬಳೇ. ಹಾಡು ಗೋಡೆ ದಾಟಿ ಬಂದಾಗೆಲ್ಲ ಹುಡುಗಿ ಗೋಡೆಗೆ ಕಿವಿ ಹಚ್ಚಿ, ಆಮೇಲೆ ಅವ್ವನ ಮುಖ ನೋಡುವಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಶಕುಂತಲಾಬಾಯಿ ಮೆಲ್ಲಗೆ ಅವಳ ಹೆಗಲು ಒತ್ತುವಳು. ಹೆಗಲು ಒತ್ತಿದರೆ ಕೇಳಬಾರದು ಎಂದು ಮಗು ಕಲಿತಿತ್ತು.

ಈಗ ಕಾಶಿ ಮಾಳಿಗೆಯ ನಿಚ್ಚಣಿಕೆ ಹತ್ತಿಯೇ ಬಿಟ್ಟಿದ್ದಳು. ಶಕುಂತಲಾಬಾಯಿ ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದಳು.

ಕೆಳಗೆ ಗೋಡೆ ಎದ್ದಿದ್ದರೂ ಮೇಲೆ ಮಾಳಿಗೆ ಒಂದೇ ಬಯಲು. ಮಹಾರುದ್ರಪ್ಪ ತಾನು ಕೊರೆದ ತೂತನ್ನೇ ನೋಡುತ್ತ ನಿಂತಿದ್ದ. ಅದರ ಕೆಳಗೆ ಕಸ್ತೂರಿಬಾಯಿ ನಿಂತಿದ್ದಳು. ಅವಳ ತಲೆತುಂಬ ಮಣ್ಣು, ಬೀಸುವ ಕಲ್ಲಿನ ಸುತ್ತ ಹಿಟ್ಟಿಗಿಂತ ಮಣ್ಣೇ ಹೆಚ್ಚು. ಹಿತ್ತಲಿನಿಂದ ಓಡಿಬಂದ ಬಸವಣಪ್ಪ ಕತ್ತೆತ್ತಿದ.

"ಯಾಂವಲೇ ಅಂವ, ನನ್ನ ಮಾಳಿಗಿಗೆ ಕನ್ನ ಹಾಕಾಂವ?"

"ನಾನು. ನನ್ನ ಒಲಿ ಮ್ಯಾಲ ಬೆಳಕಿಂಡಿ ತೆಗಿಯಾಕತ್ತಿದ್ದೆ."

"ನಿನ್ನ ಒಲಿ ನನ್ನ ಮನ್ಯಾಗ ಅದ ಏನು?"

ಮಹಾರುದ್ರಪ್ಪ ಗುದ್ದಲಿಯ ಕಾವು ಸವರಿದ. "ಅವ್ವ ಇದ್ದಾಗ ಇಲ್ಲೇ ಇತ್ತು" ಎಂದ.

ಬಸವಣಪ್ಪ ತೂತಿನ ಕೆಳಗಿನ ನೆಲದತ್ತ ನೋಡಿದ. ಒಲೆ ಎಂದರೆ ತಮ್ಮನ ಕಾಲು ತಾನಾಗಿ ಅವ್ವನ ಒಲೆಯ ನೆತ್ತಿಗೇ ನಡೆದು ಬಂದಿತ್ತು. ಅವನು ಮತ್ತೆ ಕತ್ತೆತ್ತಿದ.

"ಹಂಗಾದ್ರೂ ಮುಚ್ಚು. ಈಗೇ ಮುಚ್ಚು."

"ಮುಚ್ಚತೀನಿ. ಕಾಶೀ, ಆ ಹಲಗಿ ತಾ."

ಕಾಶಿ ಕದಲಲಿಲ್ಲ. ಬೋರಲು ಮಲಗಿ, ತೂತಿನೊಳಗೆ ತಲೆ ಇಳಿಬಿಟ್ಟು, ದಿನವೂ ಕೇಳುತ್ತಿದ್ದ ಕಲ್ಲನ್ನು ಮೊದಲ ಸಲ ಕಣ್ಣಿನಿಂದ ನೋಡುತ್ತಿದ್ದಳು.

"ಹಿಂದ ಸರಿ ಕಾಶೀ, ಅಂಚಿನ ಮಣ್ಣು ಸಡಲ ಅದ" ಎಂದಳು ಕಸ್ತೂರಿಬಾಯಿ ಕೆಳಗಿನಿಂದ.

ಹಾಡುವ ದನಿಯೇ ತನ್ನ ಹೆಸರು ಹಿಡಿದು ಕರೆದದ್ದು ಕೇಳಿ ಹುಡುಗಿ ಅವ್ವನತ್ತ ತಿರುಗಿದಳು. ತುಟಿ ಬಿಚ್ಚಿತ್ತು. ರೂಢಿಯಂತೆ ಶಕುಂತಲಾಬಾಯಿಯ ಕೈ ಮಗಳ ಹೆಗಲಿಗೆ ಹೋಯಿತು. ತೂತಿಗೆ ಹಲಗೆ ಮುಚ್ಚಿದರೆ ನಾಳೆ ಹಾಡಾದರೂ ಉಳಿದೀತು. ಮಗು ಕೇಳಿಬಿಟ್ಟರೆ ಅದೂ ಹೋದೀತು.

ಕೆಳಗೆ ಕಸ್ತೂರಿಬಾಯಿ ಮಣ್ಣು ಕೊಡವಿಕೊಳ್ಳದೆ ಇವಳನ್ನೇ ನೋಡುತ್ತಿದ್ದಳು. ಮಣ್ಣಿನ ನಡುವೆ ಬೈತಲೆಯ ಅಕ್ಕಪಕ್ಕದ ಕೂದಲು ಬೆಳ್ಳಗಾಗಿತ್ತು. ಇಷ್ಟು ವರ್ಷ ಹಾಡಿದರೂ ಹಾಡು ಅದನ್ನು ಹೇಳಿರಲಿಲ್ಲ.

ಶಕುಂತಲಾಬಾಯಿ ಕೈ ತೆಗೆದಳು. ಹೆಗಲ ಮೇಲೆ ಹಿಟ್ಟಿನ ಬೆರಳ ಗುರುತುಗಳಷ್ಟೇ ಉಳಿದವು. ಕಾಶಿ ಅದನ್ನೊಮ್ಮೆ ನೋಡಿ, ಅವ್ವನನ್ನು ನೋಡಿ, ಮತ್ತೆ ತೂತಿನೊಳಗೆ ಬಾಗಿದಳು.

"ದೊಡ್ಡವ್ವಾ, ನೀ ದಿನಾ ನಮ್ಮವ್ವನ ಕೂಡ ಹಾಡ್ತಿ. ಮತ್ತ ಮಾತು ಯಾಕ ಆಡಂಗಿಲ್ಲ?"